ಗುತ್ತೆವ್ವ ತೆರೆದ ತಲೆಗಳು

ಕುರಿಯೊಂದು ನಿಂತಲ್ಲೇ ಗಿರಗಿರ ತಿರುಗಲಾರಂಭಿಸಿತೆಂದರೆ ಮಾಸೂರು ಸುತ್ತಲಿನ ಕುರಿಗಾರರು ಮೊದಲು ದೇವರನ್ನು ಬೈಯುತ್ತಾರೆ, ಆಮೇಲೆ ಹೆಂಡತಿಯನ್ನು ಬೈಯುತ್ತಾರೆ, ಎರಡರಿಂದಲೂ ಕುರಿ ನಿಲ್ಲದಿದ್ದಾಗ ಗುತ್ತೆವ್ವನ ಮನೆಯ ದಾರಿ ಹಿಡಿಯುತ್ತಾರೆ. ಮದಗದ ಕೆರೆಯ ಏರಿಯಿಂದ ಇಳಿದರೆ ಬಲಕ್ಕೆ ಸಿಗುವ ಮೂರನೆಯ ಹಟ್ಟಿ ಅವಳದು. ಹಾನಗಲ್ಲಿನಿಂದ, ಶಿಗ್ಗಾವಿಯಿಂದ, ರಟ್ಟೀಹಳ್ಳಿಯಿಂದ ಟಂಟಂ ಗಾಡಿಯಲ್ಲಿ ಕುರಿ ಮಲಗಿಸಿಕೊಂಡು ಬಂದವರಿಗೆ ಯಾರೂ ದಾರಿ ತೋರಿಸಬೇಕಾಗಿಲ್ಲ. ಸಂತೆಯಲ್ಲಿ ಎಳನೀರು ಮಾರುವವನಿಗೂ ಗೊತ್ತು, ತಲೆ ತೆರೆಯುವ ಗುತ್ತೆವ್ವ ಎಲ್ಲಿರುತ್ತಾಳೆಂದು.

ಬಂದವರ ಕಥೆ ಅವಳು ಕೇಳುವುದಿಲ್ಲ. ಕುರಿಯ ಕಥೆಯನ್ನು ಕುರಿಯನ್ನೇ ಕೇಳುತ್ತಾಳೆ. ಅಂಗಳದಲ್ಲಿ ಬಿಟ್ಟು, ಎಲೆಅಡಿಕೆ ಬಾಯಿಗಿಟ್ಟು, ಸುಮ್ಮನೆ ನೋಡುತ್ತ ಕೂರುತ್ತಾಳೆ. ಎಡಕ್ಕೇ ತಿರುಗುತ್ತಿದ್ದರೆ ಬೇನೆ ಮೆದುಳಿನ ಎಡ ಹೋಳಿನಲ್ಲಿದೆ. ಆಮೇಲೆ ಎದ್ದು ಹೋಗಿ ಬಲಗಣ್ಣಿನ ಮುಂದೆ ಕೈಯಾಡಿಸುತ್ತಾಳೆ. ರೆಪ್ಪೆ ಬಡಿಯದಿದ್ದರೆ ಮಾತು ಖಾತ್ರಿ, ಏಕೆಂದರೆ ಮೆದುಳಿನ ಎಡ ಹೋಳು ಲೋಕ ನೋಡುವುದು ಬಲಗಣ್ಣಿನಿಂದ. ಇದನ್ನು ಅವಳಿಗೆ ಯಾವ ಶಾಲೆಯೂ ಹೇಳಿಕೊಟ್ಟಿಲ್ಲ. ಶಾಲೆಯ ಮೆಟ್ಟಿಲನ್ನು ಅವಳು ಹತ್ತಿದ್ದು ಓಟು ಹಾಕಲು ಮಾತ್ರ.

ಕುರಿ ತಿರುಗದೆ, ಕುಡಿದವನ ಹಾಗೆ ತೂರಾಡಿ, ಕತ್ತು ಮೇಲೆತ್ತಿ ಬಿದ್ದುಬಿಟ್ಟರೆ ಮಾತ್ರ ಅವಳು ಕೈ ಒರೆಸಿಕೊಂಡು ಏಳುತ್ತಾಳೆ. ಆಗ ಬೇನೆ ಕೂತಿರುವುದು ಹಿಂಬದಿಯ ಸಣ್ಣ ಮೆದುಳಿನಲ್ಲಿ. ನಡೆಯುವ ಕಾಲಿಗೆ ತಾಳ ಹಾಕಿಕೊಡುವುದು ಅದು. ಅದರ ಬುಡದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಕಾಂಡವಿದೆ. ಉಸಿರಾಟ, ಎದೆಬಡಿತ ಎಲ್ಲ ಅಲ್ಲಿಂದ ಹೊರಡುತ್ತವೆ. “ಅದು ಉಸರಿನ ಮನಿ, ಅಲ್ಲಿ ನನಗ ಕೆಲಸಿಲ್ಲ” ಎಂದು ಹೇಳಿ ವಾಪಸು ಕಳಿಸುತ್ತಾಳೆ. ಕೈಮುಗಿದರೂ ಇಲ್ಲ, ಕಾಲು ಹಿಡಿದರೂ ಇಲ್ಲ. ಆಗದ್ದನ್ನು ಆಗುವುದಿಲ್ಲ ಎನ್ನುವುದಕ್ಕೆ ಆಗುವ ಕೆಲಸಕ್ಕಿಂತ ಹೆಚ್ಚು ಗುಂಡಿಗೆ ಬೇಕು, ಮತ್ತು ಗುತ್ತೆವ್ವನಿಗೆ ಅದರ ಕೊರತೆ ಎಂದೂ ಆಗಿಲ್ಲ.

ಈ ವಿದ್ಯೆ ಅವಳಿಗೆ ಬಂದದ್ದು ಮಾವ ಮೈಲಾರಪ್ಪನಿಂದ. ಬಂದದ್ದು ಎಂದೆನೇ ಹೊರತು ಅವನು ಕೊಟ್ಟ ಎನ್ನಲಿಲ್ಲ. ಮೈಲಾರಪ್ಪ ನಾಲ್ಕು ತಾಲ್ಲೂಕಿಗೆ ಹೆಸರಾದವನು. ತನ್ನ ಚೂರಿ ಹಿರಿಯ ಮಗ ಫಕ್ಕೀರಪ್ಪನಿಗೇ ಸೇರಬೇಕೆಂದು ಅವನು ಹತ್ತು ಜನರೆದುರು ಹೇಳಿದ್ದ. ಕಿರಿಯ ಸೊಸೆ ಗುತ್ತೆವ್ವನ ಕೆಲಸ ಒಂದೇ: ಕುರಿಯ ತಲೆಯನ್ನು ಎರಡು ಮೊಳಕಾಲಿನ ನಡುವೆ ಅಲುಗದಂತೆ ಹಿಡಿಯುವುದು. ಹನ್ನೆರಡು ವರ್ಷ ಹಿಡಿದಳು. ಕೊಯ್ಯುವವನಿಗೆ ಕಾಣುವುದು ತನ್ನ ಚೂರಿಯ ತುದಿ. ಹಿಡಿದವಳಿಗೆ ಕುರಿಯ ಕಣ್ಣು, ಕಿವಿ, ಉಸಿರು ಎಲ್ಲ ಕಾಣುತ್ತದೆ. ಹೆಣ್ಣುಮಕ್ಕಳಿಗೆ ಕಲಿಸಬಾರದು ಎಂದು ಹಟ ಹಿಡಿದವರು ಅವರ ಕಣ್ಣಿಗೆ ಬಟ್ಟೆ ಕಟ್ಟುವುದನ್ನು ಮಾತ್ರ ಯಾವಾಗಲೂ ಮರೆಯುತ್ತಾರೆ.

ಮುಪ್ಪಿಗೆ ಮೈಲಾರಪ್ಪನ ಕೈ ನಡುಗತೊಡಗಿ ಚೂರಿ ಫಕ್ಕೀರಪ್ಪನಿಗೆ ಬಂತು. ಅವನು ಕೆಟ್ಟ ಮನುಷ್ಯನಲ್ಲ, ಆದರೆ ಅವಸರದ ಆಳು. ಅವನ ಕೈಯಲ್ಲಿ ಒಂದಾದ ಮೇಲೊಂದು ಎರಡು ಕುರಿ ಸತ್ತವು. ಮೂರನೆಯದರ ತಲೆಬುರುಡೆಯ ಚೂರು ಎಬ್ಬಿಸಿ, ಇನ್ನೇನು ಚೂರಿಯನ್ನು ಹೆಬ್ಬೆರಳುದ್ದ ಇಳಿಸಬೇಕು, ಅಷ್ಟರಲ್ಲಿ ಗುತ್ತೆವ್ವ ಅವನ ಮಣಿಕಟ್ಟು ಹಿಡಿದಳು. ಭಾವನ ಕೈಯನ್ನು ತಮ್ಮನ ಹೆಂಡತಿ ಹಿಡಿಯುವುದೆಂದರೆ! ಅವಳು ಚೂರಿ ಬಿಡಿಸಿಕೊಂಡು ಕೆಲಸ ಮುಗಿಸಿದಳು. ಸಂಜೆಗೆ ಆ ಕುರಿ ಎದ್ದು ಹುಲ್ಲಿಗೆ ಬಾಯಿ ಹಾಕಿತು. ಕಟ್ಟೆಯ ಮೇಲೆ ಕೂತಿದ್ದ ಮೈಲಾರಪ್ಪ ಅದನ್ನು ನೋಡಿದ. ಮರುದಿನ ಬಂದ ಕುರಿಯನ್ನು ಅವಳ ಮುಂದೆ ತಂದು ಬಿಡಲು ಹೇಳಿದ, ಅಷ್ಟೇ. ಇದಾಗಿ ಇಪ್ಪತ್ತೇಳು ವರ್ಷ. ಅವಳಿಗೀಗ ಐವತ್ತೆಂಟು. ಗಂಡ ಇಲ್ಲ, ಮಾವ ಇಲ್ಲ. ಫಕ್ಕೀರಪ್ಪ ಇದ್ದಾನೆ, ಪಕ್ಕದ ಹಟ್ಟಿಯಲ್ಲೇ, ಆ ದಿನವನ್ನು ನಿನ್ನೆ ನಡೆದದ್ದೆಂಬಂತೆ ನೆನಪಿಟ್ಟುಕೊಂಡು.

ಕೆಲಸದ ರೀತಿಯನ್ನೂ ಹೇಳಬೇಕು, ಇಲ್ಲದಿದ್ದರೆ ಅವಳ ಹಟದ ಬೆಲೆ ತಿಳಿಯುವುದಿಲ್ಲ. ತಿರುಗುಬೇನೆ ಎಂದರೆ ಮೆದುಳಿನಲ್ಲಿ ಬೆಳೆಯುವ ನೀರಿನ ಗುಳ್ಳೆ. ಅಡಿಕೆಯಷ್ಟಿದ್ದದ್ದು ನಿಂಬೆಹಣ್ಣಾಗುತ್ತದೆ, ಒಳಗಿಂದ ಒತ್ತಿ ಒತ್ತಿ ಮೇಲಿನ ಬುರುಡೆಯನ್ನೇ ತೆಳ್ಳಗೆ ಮಾಡುತ್ತದೆ. ಕೊಂಬಿನ ಬುಡದಿಂದ ಹಿಂದಕ್ಕೆ ಹೆಬ್ಬೆರಳು ಒತ್ತುತ್ತ ಹೋದರೆ ಒಂದು ಕಡೆ ಎಲುಬು ಹಪ್ಪಳದಂತೆ ಬಳುಕುತ್ತದೆ. ಅಲ್ಲಿ ಚರ್ಮವನ್ನು ಮೂರು ಬದಿ ಕೊಯ್ದು ಮಡಚಬೇಕು, ಎಲುಬಿನ ರೂಪಾಯಿಯಗಲದ ಬಿಲ್ಲೆಯನ್ನು ಎಬ್ಬಿಸಬೇಕು. ಅಲ್ಲಿಗೆ ಕೆಲಸ ಮುಗಿಯಿತೆಂದುಕೊಳ್ಳುವವನೇ ಕುರಿ ಕೊಲ್ಲುವವನು.

ಮೆದುಳು ಬುರುಡೆಯೊಳಗೆ ಬತ್ತಲೆ ಕೂತಿರುವುದಿಲ್ಲ. ಮೂರು ಉಡುಗೆ ತೊಟ್ಟಿರುತ್ತದೆ. ಎಲುಬಿಗೆ ಅಂಟಿದಂತಿರುವ ಹೊರಗಿನದು ಒರಟು, ದಪ್ಪ, ಬಿಳಿ; ಮೈಲಾರಪ್ಪ ಅದನ್ನು ಕಂಬಳಿ ಎನ್ನುತ್ತಿದ್ದ. ಅದರ ಕೆಳಗಿನದು ಬೆಳಕು ಹಾಯುವಷ್ಟು ತೆಳು, ಅದು ಧೋತರ. ಧೋತರದಡಿ ತಿಳಿನೀರು ಇರುತ್ತದೆ, ಮೆದುಳು ಆ ನೀರಿನಲ್ಲಿ ತೇಲಿಕೊಂಡಿರುವುದರಿಂದಲೇ ಟಗರು ಟಗರು ಡಿಕ್ಕಿ ಹೊಡೆದರೂ ಬದುಕುತ್ತವೆ. ಎಲ್ಲಕ್ಕೂ ಒಳಗಿನದು ಮೈದೊಗಲು. ಮೆದುಳಿನ ಒಂದೊಂದು ಮಡಿಕೆಯೊಳಗೂ ಇಳಿದು ಕೂತಿರುತ್ತದೆ, ಸುಲಿಯಲು ಬರುವುದಿಲ್ಲ, ರಕ್ತದ ಎಳೆಗಳೆಲ್ಲ ಅದರ ಮೇಲೇ ಹರಿದಿರುತ್ತವೆ. ಮೈಲಾರಪ್ಪನ ಮಾತು ಒಂದಿತ್ತು: “ಕಂಬಳಿಗೆ ಚೂರಿ, ಧೋತರಕ್ಕ ಉಗುರು, ಮೈದೊಗಲಿಗೆ ಬರೇ ಕಣ್ಣು.” ಕಂಬಳಿ ಕೊಯ್ಯುವಾಗ ಕುರಿ ಒದ್ದಾಡುತ್ತದೆ. ಅದನ್ನು ದಾಟಿದ ಮೇಲೆ ಮೆದುಳಿಗೇ ಬೆರಳು ತಾಗಿದರೂ ಅದಕ್ಕೆ ಗೊತ್ತಾಗುವುದಿಲ್ಲ. ನೋವೆಲ್ಲ ಹೊದಿಕೆಯಲ್ಲಿದೆ, ಲೋಕದ ನೋವನ್ನೆಲ್ಲ ತಿಳಿಯುವ ಮೆದುಳಿಗೆ ತನ್ನ ನೋವು ತಿಳಿಯದು.

ಕಂಬಳಿ ಬಿರಿದೊಡನೆ ಕುರಿಯ ಉಸಿರಿನ ಒತ್ತಡಕ್ಕೇ ಗುಳ್ಳೆ ಉಬ್ಬಿ ಮೇಲೆ ಬರುತ್ತದೆ. ತಲೆಯನ್ನು ಓರೆ ಮಾಡಿ, ಒಡೆಯದಂತೆ ಮೆಲ್ಲಗೆ ಜಾರಿಸಿಕೊಳ್ಳಬೇಕು. ಆಮೇಲೆ ಚರ್ಮ ಮುಚ್ಚಿ ಹೊಲಿಗೆ. ತೆಗೆದ ಗುಳ್ಳೆಯನ್ನು ನಾಯಿಗೆ ಎಸೆಯುವುದು ಪದ್ಧತಿ. ನಾಯಿ ಕುರಿಗಾರರ ದೇವರು ಮೈಲಾರಲಿಂಗನ ಬಂಟ, ಬೇನೆಯ ಪಾಲು ಅದಕ್ಕೆ. ತಿರುಗುಬೇನೆಯಿಂದ ಸತ್ತ ಕುರಿಯ ತಲೆಯನ್ನೂ ಮನುಷ್ಯರು ಬೇಯಿಸುವುದಿಲ್ಲ, ತಿಂದವರೂ ತಿರುಗುತ್ತಾರೆಂದು ಹೆದರಿಕೆ, ಅದೂ ನಾಯಿಗೆ. ಗುತ್ತೆವ್ವನ ನಾಯಿ ಕೆಂಚ ಗುಳ್ಳೆಯನ್ನು ಗಾಳಿಯಲ್ಲೇ ಹಿಡಿಯುವಷ್ಟು ಪಳಗಿತ್ತು. ನೆಲಕ್ಕೆ ಬೀಳದೆ ನಾಯಿಯ ಬಾಯಿಗೆ ಬಿದ್ದರೆ ಕುರಿ ಬದುಕುತ್ತದೆ ಎಂದು ಜನ ನಂಬಿದ್ದರು, ಅವಳೂ ನಂಬಿದ್ದಳು.

ಅವಳನ್ನು ಚುಚ್ಚುತ್ತಿದ್ದದ್ದು ಒಂದೇ ಸಂಗತಿ. ತೆರೆದ ಪ್ರತಿ ತಲೆಗೂ ಅವಳು ಉಣ್ಣೆಯ ಹುರಿಯಲ್ಲಿ ಒಂದು ಗಂಟು ಹಾಕುತ್ತಿದ್ದಳು: ಪರರ ಕುರಿಗೆ ಬಿಳಿ ಎಳೆ, ಸ್ವಂತ ಹಟ್ಟಿಯದಕ್ಕೆ ಕರಿ ಎಳೆ, ವರ್ಷ ಮುಗಿದಾಗ ಗುರುತಿಗೊಂದು ಕೆಂಪು ಎಳೆ. ವರ್ಷ ಹೋದಂತೆ ಕರಿಗಂಟು ಹೆಚ್ಚುತ್ತಿದ್ದವು. ಬೇರೆಯವರ ಹಟ್ಟಿಯಲ್ಲಿ ವರ್ಷಕ್ಕೆ ಒಂದು ಕುರಿ ತಿರುಗಿದರೆ ಅವಳದರಲ್ಲಿ ನಾಲ್ಕೈದು. ಹೆಂಗಸು ಚೂರಿ ಹಿಡಿದದ್ದಕ್ಕೆ ಮೈಲಾರಲಿಂಗ ಮುನಿದಿದ್ದಾನೆ, ಲೆಕ್ಕ ನೋಡಿದರೆ ಕುರುಡನಿಗೂ ಕಾಣುತ್ತದೆ ಎಂದು ಫಕ್ಕೀರಪ್ಪ ಹತ್ತು ವರ್ಷದಿಂದ ಕೂತಲ್ಲಿ ನಿಂತಲ್ಲಿ ಹೇಳುತ್ತಿದ್ದ. ಮುನಿದ ದೇವರು ಕುರಿಯನ್ನು ಯಾಕೆ ಬದುಕಿಸುತ್ತಾನೆ ಎಂದು ಗುತ್ತೆವ್ವ ಒಳಗೊಳಗೇ ಹಲ್ಲು ಕಡಿಯುತ್ತಿದ್ದಳು.

ಹೋದ ವರ್ಷ ಭತ್ತದ ಕೊಯ್ಲಿಗೆ ಮುಂಚೆ ಹೊಸದಾಗಿ ವರ್ಗವಾಗಿ ಬಂದ ಪಶುವೈದ್ಯ ಮುಬಶೀರ ಅವಳ ಅಂಗಳದಲ್ಲಿ ಬೈಕು ನಿಲ್ಲಿಸಿದ. ಸವಣೂರಿನ ಹುಡುಗ, ಮೂವತ್ತು ದಾಟಿರಲಿಲ್ಲ. ಯಾರೋ ಹೆಂಗಸು ಜೀವಂತ ಕುರಿಯ ಬುರುಡೆ ಒಡೆಯುತ್ತಾಳೆಂದು ಕೇಳಿ, ನಿಲ್ಲಿಸಲೆಂದೇ ಬಂದಿದ್ದ. ಇದು ಹಿಂಸೆ, ಕಾನೂನಿಗೆ ವಿರುದ್ಧ ಎಂದೆಲ್ಲ ಹೇಳಿದ. ಗುತ್ತೆವ್ವ ಪೂರ್ತಿ ಕೇಳಿಸಿಕೊಂಡು, ಡಾಕ್ಟರು ಎಷ್ಟು ತಲೆ ತೆರೆದಿದ್ದಾರೆ ಎಂದು ಕೇಳಿದಳು. ಕಾಲೇಜಿನ ಗಾಜಿನ ಭರಣಿಯಲ್ಲಿ ನೋಡಿದ್ದೇನೆ ಎಂದ ಮುಬಶೀರ, ಸುಳ್ಳು ಹೇಳಲು ಬಾರದವನು. ಹಾಗಾದರೆ ಕೂರಿ ಎಂದು ಅವಳು ಕಂಬಳಿ ಹಾಸಿದಳು. ಆ ದಿನ ಹಾನಗಲ್ಲಿನಿಂದ ಒಂದು ಕುರಿ ಬಂದಿತ್ತು.

ನೋಡುತ್ತ ನೋಡುತ್ತ ಅವನು ಬೈಯುವುದನ್ನು ಮರೆತ. ಮೆದುಳಿನ ಕಂಬಳಿಗೆ ಚೂರಿ ಹಾಕುವ ಮುನ್ನ ತಾನೇ ಎದ್ದು ಬಂದು, ನೋವು ತಿಳಿಯದ ಸೂಜಿ ಚುಚ್ಚಿದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಕುರಿ ಒದ್ದಾಡಲಿಲ್ಲ. ಪುಸ್ತಕದಲ್ಲೂ ಮೂರೇ ಪೊರೆ ಎಂದ ಅವನು: ಹೊರಗಿನದಕ್ಕೆ ಗಟ್ಟಿ ತಾಯಿ ಎಂದು ಹೆಸರು, ನಡುವಿನದಕ್ಕೆ ಜೇಡರ ಬಲೆ, ಒಳಗಿನದಕ್ಕೆ ಮೆತ್ತನ್ನ ತಾಯಿ. ಗುತ್ತೆವ್ವನಿಗೆ ಬಹಳ ದಿನಕ್ಕೆ ಖುಷಿಯಾಯಿತು. ನಿಮ್ಮ ಪುಸ್ತಕ ಬರೆದವನೂ ಮೊದಲು ಸೊಸೆಯಾಗಿದ್ದವನೇ ಇರಬೇಕು ಎಂದು ಛೇಡಿಸಿದಳು. ಗುಳ್ಳೆ ಹೊರಬಂತು, ಅವಳು ಅಭ್ಯಾಸದಂತೆ ಕೈ ಬೀಸಿದಳು, ಕೆಂಚ ಜಿಗಿಯಿತು. ಮುಬಶೀರ ಅದಕ್ಕಿಂತ ಮುಂಚೆ ಜಿಗಿದು ಗುಳ್ಳೆಯನ್ನು ತಡೆದು ನೆಲಕ್ಕೆ ಕೆಡವಿದ.

ಅವನು ಹೇಳಿದ್ದು ಇಷ್ಟು. ಗುಳ್ಳೆಯ ಒಳಗೋಡೆಗೆ ಅಂಟಿರುವ ಅಕ್ಕಿನುಚ್ಚಿನಂಥ ಬಿಳಿ ಕಾಳುಗಳು ಹುಳುವಿನ ಮರಿಗಳು. ನಾಯಿ ತಿಂದರೆ ಅದರ ಕರುಳಲ್ಲಿ ಲಾಡಿಹುಳುವಾಗಿ ಬೆಳೆಯುತ್ತವೆ. ನಾಯಿ ಹೇತದ್ದರಲ್ಲಿ ತತ್ತಿ, ಆ ತತ್ತಿ ಹುಲ್ಲಿಗೆ, ಹುಲ್ಲು ಕುರಿಗೆ, ಕುರಿಯ ರಕ್ತದಿಂದ ಮೆದುಳಿಗೆ. ಬೇರೆ ದಾರಿಯೇ ಇಲ್ಲ. ನಾಯಿ ತಿನ್ನದಿದ್ದರೆ ಕುರಿ ತಿರುಗುವುದಿಲ್ಲ.

ಗುತ್ತೆವ್ವ ಕೆರಳಿದಳು. ತಾನು ಬದುಕಿಸಿದ ಕುರಿಗಳನ್ನು ತಾನೇ ಕೆಡಿಸಿದೆನೆಂದು ನಿನ್ನೆ ಮೊನ್ನೆ ಬಂದ ಹುಡುಗ ಅಂಗಳದಲ್ಲಿ ನಿಂತು ಹೇಳುವುದೇ? ಎದ್ದು ಹೋಗೆಂದಳು. ಮುಬಶೀರ ಗುಳ್ಳೆಯನ್ನು ಸೀಸೆಗೆ ಹಾಕಿಕೊಂಡ, ಕೆಂಚನಿಗೆ ಕೊಡಲು ಒಂದು ಗುಳಿಗೆ ಕಟ್ಟೆಯ ಮೇಲಿಟ್ಟ, ಕಣ್ಣಾರೆ ನೋಡುವ ಧೈರ್ಯವಿದ್ದರೆ ನಾಳೆ ಆಸ್ಪತ್ರೆಗೆ ಬನ್ನಿ ಎಂದು ಬೈಕು ಹತ್ತಿದ. ಧೈರ್ಯವಿದ್ದರೆ ಎಂಬ ಮಾತು ಇಲ್ಲದಿದ್ದರೆ ಅವಳು ಹೋಗುತ್ತಿರಲಿಲ್ಲ.

ಮರುದಿನ ಆಸ್ಪತ್ರೆಯ ಸೂಕ್ಷ್ಮದರ್ಶಕದ ಗಾಜಿಗೆ ಕಣ್ಣಿಟ್ಟಳು. ಒಂದೊಂದು ಕಾಳಿಗೂ ಒಂದೊಂದು ತಲೆಯಿತ್ತು, ತಲೆಯ ಸುತ್ತ ಕೊಕ್ಕೆಗಳ ಸಾಲು. ಮನೆಗೆ ಬಂದು ಕೆಂಚನನ್ನು ಕಟ್ಟಿಹಾಕಿ ರೊಟ್ಟಿಯಲ್ಲಿ ಗುಳಿಗೆ ಕೊಟ್ಟಳು. ಬೆಳಿಗ್ಗೆ ಅದರ ಹೇಲನ್ನು ಕಡ್ಡಿಯಿಂದ ಕೆದಕಿ ನೋಡಿದಳು. ಬಿಳಿ ಲಾಡಿಯ ತುಂಡುಗಳು. ಆಮೇಲೆ ಒಳಗೆ ಹೋಗಿ ಹುರಿ ತೆಗೆದಳು. ಬೆರಳು ಓಡಿಸಿದಂತೆ ಎಲ್ಲ ತಿಳಿಯಿತು. ಯಾವ ವರ್ಷ ಬಿಳಿಗಂಟು ಹೆಚ್ಚಿದ್ದವೋ ಅದರ ಮುಂದಿನ ವರ್ಷ ಕರಿಗಂಟು ಹೆಚ್ಚಿದ್ದವು. ನಾಲ್ಕು ತಾಲ್ಲೂಕಿನ ಬೇನೆಯೆಲ್ಲ ಅವಳ ಅಂಗಳಕ್ಕೆ ಬಂದು, ಕೆಂಚನ ಹೊಟ್ಟೆಗೆ, ಕೆಂಚನಿಗಿಂತ ಹಿಂದಿನ ನಾಯಿಗಳ ಹೊಟ್ಟೆಗೆ ಹೋಗಿ, ಅವಳದೇ ಹುಲ್ಲಿಗೆ ಇಳಿದಿತ್ತು. ಫಕ್ಕೀರಪ್ಪನ ಲೆಕ್ಕ ಸರಿಯಿತ್ತು. ಅದೇ ಅವಳನ್ನು ಸುಟ್ಟದ್ದು. ಅವನು ಹೇಳಿದ ಕಾರಣ ಸುಳ್ಳು, ಲೆಕ್ಕ ಮಾತ್ರ ನಿಜ.

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಸೊಸೆ ಮಂಜವ್ವ ಜಾಣೆ, ಅತ್ತೆಯ ಮೇಲೆ ಜೀವ ಇಟ್ಟುಕೊಂಡವಳು. ಅವಳು ದಾರಿ ಹೇಳಿದಳು: “ಇನ್ಮ್ಯಾಲೆ ಗುಳ್ಳಿ ಸುಮ್ಮನ ಸುಟ್ಟು ಬಿಡ್ರಿ ಅತ್ತಿ. ಯಾರಿಗೂ ತಿಳಿಯೂದಿಲ್ಲ. ಹೇಳಿದ್ರ ನಿಮ್ಮ ಹೆಸರು ಹೊಕ್ಕೈತಿ, ಚೂರಿನೂ ಹೊಕ್ಕೈತಿ.”

ಮಾತು ಸರಿಯೇ. ಆದರೆ ಗುತ್ತೆವ್ವ ಒಬ್ಬಳು ಸುಟ್ಟರೆ ಏನಾಯಿತು? ಸುತ್ತಲಿನ ಹದಿನೆಂಟು ಹಟ್ಟಿಯಲ್ಲೂ ಸತ್ತ ಕುರಿಯ ತಲೆ ನಾಯಿಗೇ ಹೋಗುತ್ತದೆ. ಅವರನ್ನು ತಡೆಯಬೇಕೆಂದರೆ ಯಾಕೆಂದು ಹೇಳಬೇಕು, ಯಾಕೆಂದು ಹೇಳಬೇಕೆಂದರೆ ಮೊದಲು ತನ್ನ ಅಂಗಳದ ಮಾತು ಹೇಳಬೇಕು. ಹೇಳಿದರೆ ಇಪ್ಪತ್ತಾರು ವರ್ಷ ತಡೆದು ನಿಲ್ಲಿಸಿದ್ದ ಫಕ್ಕೀರಪ್ಪನ ಕೈಗೆ ತಾನೇ ದೊಣ್ಣೆ ಕೊಟ್ಟಂತೆ.

ಕೊಯ್ಲು ಮುಗಿದ ಮೇಲಿನ ಭಾನುವಾರ, ಯಾರ ಹಿಂಡು ಯಾವ ಗದ್ದೆಯಲ್ಲಿ ಗೊಬ್ಬರಕ್ಕೆ ನಿಲ್ಲಬೇಕೆಂದು ಹಂಚಿಕೊಳ್ಳಲು ಹದಿನೆಂಟು ಹಟ್ಟಿಯವರೂ ಕೆರೆಯ ಏರಿಯ ಬೇವಿನ ಕೆಳಗೆ ಸೇರುತ್ತಾರೆ. ಅಲ್ಲಿ ಹೆಂಗಸರು ಮಾತಾಡುವುದಿಲ್ಲ. ಗದ್ದೆ ಹಂಚಿ ಮುಗಿದು ಜನ ಧೂಳು ಕೊಡವಿಕೊಂಡು ಏಳುವಾಗ ಗುತ್ತೆವ್ವ ನಡುವೆ ಬಂದು ನಿಂತು ಹುರಿಯನ್ನು ಕಟ್ಟೆಯ ಮೇಲೆ ಹರವಿದಳು.

“ನನ್ನ ಹಟ್ಟ್ಯಾಗ ತಿರುಗಬ್ಯಾನಿ ಎಲ್ಲಾರಕಿಂತ ಹೆಚ್ಚು ಅಂತ ಭಾವಾರು ಹತ್ತು ವರ್ಷದಿಂದ ಅನ್ನಾಕತ್ತಾರ. ಖರೇ ಐತಿ. ಈ ಕರಿ ಗಂಟು ನೋಡ್ರಿ. ಆದ್ರ ಅದು ಹೆಂಗಸು ಚೂರಿ ಹಿಡದದ್ದಕ್ಕ ಅಲ್ಲ, ತಗದ ಗುಳ್ಳಿ ನಾಯಿಗೆ ಹಾಕಿದ್ದಕ್ಕ. ನಿಮ್ಮ ಕುರಿ ತಲ್ಯಾಗಿಂದ ಬ್ಯಾನಿ ತಗದಾಕಿನೂ ನಾನಽ, ನಿಮ್ಮ ಹುಲ್ಲಿಗೆ ಅದನ್ನ ಬಿತ್ತಿದಾಕಿನೂ ನಾನಽ.”

ಅವಳು ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಹೇಳಿದಳು, ಕೆಂಚನ ಹೇಲಿನಲ್ಲಿ ಕಂಡದ್ದನ್ನು ಹೇಳಿದಳು, ನಾಚಿಕೆಯಿಲ್ಲದೆ. ಆಮೇಲೆ ಗದ್ದಲ ಎದ್ದಿತು. ದೇವರ ಬಂಟನಿಗೆ ಪಾಲು ತಪ್ಪಿಸುವುದೇ ಎಂದು ಒಬ್ಬ, ದೇವರ ನಾಯಿಗೆ ಗುಳಿಗೆಯೇ ಎಂದು ಇನ್ನೊಬ್ಬ. ಬಂಟನ ಹೊಟ್ಟೆಯಲ್ಲಿ ಹುಳ ತುಂಬಿ ಕೂರುವುದು ದೇವರಿಗೆ ಗೌರವವೇನು ಎಂದು ಗುತ್ತೆವ್ವ ತಿರುಗಿ ಕೇಳಿದಳು. ಫಕ್ಕೀರಪ್ಪ ಮೆಲ್ಲಗೆ ಎದ್ದು ನಿಂತ. ಅವನು ಇಪ್ಪತ್ತಾರು ವರ್ಷ ಕಾದಿದ್ದ ದಿನ ಅದು. ತಪ್ಪನ್ನು ಅವಳೇ ಒಪ್ಪಿದಳಲ್ಲ, ಚೂರಿ ಕೆಳಗಿಡಲಿ ಎಂದ.

“ಚೂರಿ ಇಡಾಕ ಬಂದಿಲ್ಲರಿ” ಎಂದಳು ಗುತ್ತೆವ್ವ. “ಬಿತ್ತಿದಾಕಿನಽ ಕಳೆ ತಗೀಬೇಕು. ಯಾರ ಕುರಿ ತಂದ್ರೂ ತಲಿ ತೆರೀತೇನಿ. ಗುಳ್ಳಿ ಬೆಂಕಿಗೆ ಹಾಕ್ತೇನಿ. ತಂದಾವರು ತಮ್ಮ ನಾಯಿಗೆ ನನ್ನ ಕಣ್ಣೆದುರಿಗೆ ಗುಳಿಗಿ ತಿನ್ನಸ್ಬೇಕು. ಒಪ್ಪದಾವರು ಕುರಿ ತಿರುಗೂದು ನೋಡಕೋಂತ ಕುಂಡ್ರಲಿ.”

ಜನ ಕೂರುವುದನ್ನೇ ಆರಿಸಿಕೊಂಡರು. ಮೂರು ತಿಂಗಳು ಅವಳ ಅಂಗಳಕ್ಕೆ ಟಂಟಂ ಬರಲಿಲ್ಲ. ಬೇನೆ ಬಿತ್ತಿದವಳು ಎಂಬ ಹೆಸರು ಶಿಗ್ಗಾವಿಯ ತನಕ ಹೋಯಿತು; ಒಳ್ಳೆಯ ಹೆಸರು ಅಷ್ಟು ದೂರ ಹೋಗಲು ಹತ್ತು ವರ್ಷ ಹಿಡಿದಿತ್ತು. ಕೆರೆಗೆ ನೀರಿಗೆ ಹೋದರೆ ಹೆಂಗಸರು ದಾರಿ ಬಿಟ್ಟು ನಿಲ್ಲುತ್ತಿದ್ದರು. ಗುತ್ತೆವ್ವ ತಲೆ ತಗ್ಗಿಸಲಿಲ್ಲ. ಅತ್ತದ್ದು ಒಂದೇ ಸಲ, ಮಂಜವ್ವನ ಮುಂದೆ, ಅದೂ ಸಿಟ್ಟಿಗೆ. ಸ್ವಂತ ಹಟ್ಟಿಯ ಎರಡು ಕುರಿ ತಿರುಗಿದವು, ಎರಡನ್ನೂ ತೆರೆದಳು, ಗುಳ್ಳೆಗಳನ್ನು ಹಗಲು ಹೊತ್ತಿನಲ್ಲೇ, ದಾರಿಯಲ್ಲಿ ಹೋಗುವವರಿಗೆ ಕಾಣುವಂತೆ ಒಲೆಗೆ ಹಾಕಿದಳು. ಕೆಂಚ ಒಲೆಯ ಮುಂದೆ ಕೂತು ಬೊಗಳಿತು. ಮುಬಶೀರ ತಿಂಗಳಿಗೊಮ್ಮೆ ಬಂದು ಸೂಜಿಮದ್ದು, ಗುಳಿಗೆ ಇಟ್ಟು ಹೋಗುತ್ತಿದ್ದ. ಗುಳಿಗೆಗಳು ಮುಗಿಯುತ್ತಿರಲಿಲ್ಲ.

ಬೇಸಿಗೆಯಲ್ಲಿ ಫಕ್ಕೀರಪ್ಪನ ಬಿತ್ತನೆಯ ಟಗರು ಬಲಕ್ಕೆ ತಿರುಗಲಾರಂಭಿಸಿತು. ಅವನ ಹಿಂಡಿನ ಮರಿಗಳೆಲ್ಲ ಅದರವೇ. ಅವನು ಅದನ್ನು ಕಂಬಕ್ಕೆ ಬಿಗಿದು ಕಟ್ಟಿದ, ಹರಕೆ ಹೊತ್ತ. ಬೇಲಿಯ ಈಚೆಯಿಂದ ಗುತ್ತೆವ್ವ ನಾಲ್ಕು ದಿನ ನೋಡಿದಳು, ಅವನು ಕರೆಯುತ್ತಾನೇನೋ ಎಂದು. ಅವನು ಕರೆಯಲಿಲ್ಲ. ಐದನೆಯ ದಿನ ಟಗರು ನೀರು ಮುಟ್ಟಲಿಲ್ಲ. ಮಧ್ಯಾಹ್ನ ಅವಳು ಚೂರಿ, ಸೂಜಿದಾರ, ಮುಬಶೀರನ ಮದ್ದು ಸೆರಗಿನಲ್ಲಿ ಕಟ್ಟಿಕೊಂಡು, ಕರೆಯದವರ ಹಟ್ಟಿಗೆ ಹೊರಟಳು. ಬೇಡ ಎಂದ ಮಂಜವ್ವನೂ ಹಿಂದೆಯೇ ಬಂದಳು.

ಫಕ್ಕೀರಪ್ಪ ಹಟ್ಟಿಯ ಬಾಗಿಲಿಗೆ ಅಡ್ಡ ನಿಂತ. ಅವನ ಕಣ್ಣು ಕೆಂಪಾಗಿದ್ದವು, ನಿದ್ದೆ ಮಾಡಿರಲಿಲ್ಲ.

“ಯಾಕ ಬಂದಿ? ಇದು ನಿನ್ನ ಪಾಪದಿಂದ ತಿರುಗಾಕತ್ತೇತಿ.”

“ಹೌದ್ರಿ, ನನ್ನ ಪಾಪದಿಂದಽ” ಎಂದಳು ಗುತ್ತೆವ್ವ. “ಅದಕ್ಕಽ ಬಂದೇನಿ. ಸರೀರಿ ಅತ್ಲಾಗ.”

ಫಕ್ಕೀರಪ್ಪ ಸರಿದ.